ಮಡಿಕೇರಿಯ ಕೊಡೆ, ಶೆಟ್ಲೆಂಡಿನ ಹಕ್ಕಿ

ಜೂನ್‌ನಲ್ಲಿ ಮಡಿಕೇರಿ ಬಿಟ್ಟು ಹೋಗುತ್ತೇನೆ ಅಂದಾಗ ಪಕ್ಕದ ಮನೆಯಾಕೆ, "ಒಳ್ಳೇದಾಯ್ತು, ಮಳೆ ತಪ್ಪಿತಲ್ಲ" ಅಂದರು. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್‌ನಲ್ಲಿ ಮಗಳಿದ್ದಾಳೆ. ಒಂದು ತಿಂಗಳು ಇದ್ದು ಬರೋಣ ಅಂತ ಹೊರಟೆ. ಕೊಡೆ ಬಿಡಲಿಲ್ಲ. ಕೊಡಗಿನವಳು ಕೊಡೆ ಬಿಟ್ಟು ಹೋಗುವುದುಂಟಾ?

ಎರಡನೇ ದಿನವೇ ಅದರ ಕಥೆ ಮುಗಿಯಿತು. ಲರ್ವಿಕ್ ಬಂದರಿನ ಹತ್ತಿರ ಬಿಚ್ಚಿದ್ದಷ್ಟೇ, ಗಾಳಿ ಮಗುಚಿ ಹಾಕಿತು. ಬಟ್ಟೆ ಹರಿಯಿತು. "ಅಮ್ಮ, ಇಲ್ಲಿ ಯಾರ ಕೈಯಲ್ಲಾದ್ರೂ ಕೊಡೆ ನೋಡಿದ್ಯಾ?" ಅಂತ ಮಗಳು ನಕ್ಕಳು. ಬಿಸಾಡಲು ಮನಸ್ಸು ಬರಲಿಲ್ಲ. ಊರುಗೋಲು ಮಾಡಿಕೊಂಡೆ.

ಅವಳು ಕೆಲಸಕ್ಕೆ ಹೋದ ಮೇಲೆ ಕಡಲಂಚಿನಲ್ಲಿ ನನ್ನ ನಡಿಗೆ. ಹುಲ್ಲು, ಕುರಿ, ಬಂಡೆ. ಮರ ಹುಡುಕಬೇಕು. ಕಾಫಿ ತೋಟದ ನೆರಳಲ್ಲಿ ಬೆಳೆದವಳಿಗೆ ಬೇಲಿಯಿಲ್ಲದ ಅಂಗಳದಲ್ಲಿ ನಿಂತ ಹಾಗೆ ಆಗುತ್ತಿತ್ತು. ಜಿಗಣೆ ಇಲ್ಲ, ಅದೊಂದು ಸುಖ. ಆದರೂ ಮನೆಗೆ ಬಂದ ಕೂಡಲೇ ಸಾಕ್ಸ್ ಇಳಿಸಿ ನೋಡುವುದು ತಪ್ಪಲಿಲ್ಲ.

ಮೊದಲು ಪರಿಚಯವಾದ ಹಕ್ಕಿ ಆರ್ಕ್ಟಿಕ್ ಟರ್ನ್. ಅಲ್ಲಿಯವರು 'ಟಿರಿಕ್' ಅನ್ನುತ್ತಾರೆ. ಪರಿಚಯ ಅಂದರೆ, ನೆತ್ತಿಗೆ ಕುಕ್ಕಿತು! ನೆಲದ ಮೇಲೇ ಮೊಟ್ಟೆ ಇಡುತ್ತದೆ, ಹತ್ತಿರ ಹೋಗುವ ತನಕ ನಮಗೆ ಗೊತ್ತೇ ಆಗುವುದಿಲ್ಲ. ನಾಯಿ ಜೊತೆ ಬಂದ ಮುದುಕರೊಬ್ಬರು ಕೋಲು ತಲೆಗಿಂತ ಮೇಲೆ ಹಿಡಿಯಲು ಸನ್ನೆ ಮಾಡಿದರು. ಎಲ್ಲಕ್ಕಿಂತ ಎತ್ತರ ಇರುವುದಕ್ಕೇ ಅದು ಎರಗುವುದಂತೆ. ನನ್ನ ಮುರುಕು ಕೊಡೆ ಎತ್ತಿದೆ. ಟಕ್, ಟಕ್, ಟಕ್. ಹಿಡಿಯಷ್ಟು ಹಕ್ಕಿ, ಪ್ರತಿ ವರ್ಷ ಅಂಟಾರ್ಕ್ಟಿಕಾ ಕಡಲಿಗೆ ಹೋಗಿ ಬರುತ್ತದೆ. ಅಷ್ಟು ದೂರದಿಂದ ಬಂದು ಮೊಟ್ಟೆ ಇಟ್ಟವಳು ನನ್ನನ್ನು ಸುಮ್ನೆ ಬಿಡುತ್ತಾಳಾ? ವಾಪಸ್ ತಿರುಗಿದೆ. ಫೋಟೋಗೆ ಅಂತ ಅಲ್ಲೇ ನಿಂತವರನ್ನು ಕಂಡರೆ ಸಿಟ್ಟು ಬಂತು.

ಜಾಸ್ತಿ ಹೊತ್ತು ಕೂತದ್ದು ಸಂಬರ್ಗ್ ಹೆಡ್‌ನಲ್ಲಿ. 1821ರಲ್ಲಿ ರಾಬರ್ಟ್ ಸ್ಟೀವನ್‌ಸನ್ ಕಟ್ಟಿದ ದೀಪಸ್ತಂಭ, ಅದರ ಕೆಳಗಿನ ಇಳಿಜಾರಿನಲ್ಲಿ ಪಫಿನ್‌ಗಳು. ನಮ್ಮ ಮಂಗಟ್ಟೆ ಹಕ್ಕಿ ನೆನಪಾಯಿತು, ಮೈಗೆ ಹೊಂದದ ಕೊಕ್ಕು! ಮಂಗಟ್ಟೆಗೆ ಮರದ ಪೊಟರೆ, ಇದಕ್ಕೆ ಮಣ್ಣಿನ ಬಿಲ. ವರ್ಷಕ್ಕೆ ಒಂದೇ ಮೊಟ್ಟೆ. ಒಂದು ಹಕ್ಕಿ ಕೊಕ್ಕಿಗೆ ಅಡ್ಡಡ್ಡ ಮೀನು ಕಚ್ಚಿಕೊಂಡು ಬಂತು. ಏಳು ಎಣಿಸಿದೆ. ನಾಲಿಗೆಯಲ್ಲಿ ಮುಳ್ಳಿನಂಥದ್ದಿದೆ, ಹಿಡಿದದ್ದನ್ನು ಅಂಗುಳಕ್ಕೆ ಒತ್ತಿಕೊಂಡೇ ಇನ್ನೊಂದು ಹಿಡಿಯುತ್ತದೆ. ಆ ಕಡೆ ಈ ಕಡೆ ನೋಡಿತು, ಬಿಲಕ್ಕೆ ಓಡಿತು. ಕೊಕ್ಕಿನ ಬಣ್ಣದ ಚಿಪ್ಪು ಮರಿ ಮಾಡುವ ಕಾಲಕ್ಕೆ ಮಾತ್ರ, ಆಮೇಲೆ ಉದುರುತ್ತದೆ.

ನಾಸ್ ದ್ವೀಪದ ಗ್ಯಾನೆಟ್ ಅನ್ನುವ ಕಡಲಹಕ್ಕಿಗಳ ಬಗ್ಗೆ ಕೇಳಬೇಡಿ. ದೋಣಿಯಲ್ಲಿ ಪೂರ್ತಿ ಹೊತ್ತು ವಾಂತಿ ಮಾಡಿದೆ.

ಕೊನೆಯ ವಾರ ರಾತ್ರಿ ಮೂಸಾ ದ್ವೀಪಕ್ಕೆ ಹೋದೆವು. ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಗೋಪುರ, 13 ಮೀಟರ್ ಎತ್ತರ. ಕಲ್ಲಿಗೆ ಕಿವಿಯಿಟ್ಟರೆ ಒಳಗೆ ಗುರ್ರ್ ಅನ್ನುವ ಸದ್ದು, ನಡುವೆ ಬಿಕ್ಕಳಿಕೆ. ಸ್ಟಾರ್ಮ್ ಪೆಟ್ರೆಲ್, ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು. ದೊಡ್ಡ ಹಕ್ಕಿಗಳ ಭಯಕ್ಕೆ ಕತ್ತಲಾದ ಮೇಲೇ ಗೂಡಿಗೆ ಬರುತ್ತದೆ. ಜೂನ್‌ನಲ್ಲಿ ಅಲ್ಲಿ ಕತ್ತಲೆಯಾದರೂ ಎಂಥದ್ದು? ನಡುರಾತ್ರಿ ವಾಚ್‌ನ ಮುಳ್ಳು ಕಾಣುತ್ತಿತ್ತು. ಆಮೇಲೆ ಬಂದವು, ಬಾವಲಿಗಳ ಹಾಗೆ, ಕಿವಿಯ ಪಕ್ಕದಲ್ಲೇ.

ಮೊನ್ನೆ ಮಾರ್ಕೆಟ್ ಹತ್ತಿರ ಕೊಡೆ ರಿಪೇರಿಗೆ ಕೊಟ್ಟೆ. ತುದಿಯ ಬಿಳಿ ಕಲೆ ನೋಡಿ, "ಕಾಗೆಯಾ ಅಕ್ಕ?" ಅಂದರು.

"ಅಲ್ಲಣ್ಣ, ಟಿರಿಕ್."

ಅವರಿಗೆ ಕೇಳಿಸಲಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು.