ಬೀದಿಗೆ ಬಿಸಿ, ಬಿಲ್ಲು ನಮಗೆ

ಹಿಮ ಬಿದ್ದ ಮಾರನೆ ಬೆಳಿಗ್ಗೆ ಮಿನೆಸೋಟದ ನಮ್ಮ ಬೀದಿಯೆಲ್ಲ ಬೆಳ್ಳಗೆ. ಗ್ಯಾರೇಜಿನ ಬಾಗಿಲ ಬುಡದಲ್ಲಿ ಮಾತ್ರ ಗೇಣಗಲದ ಕಪ್ಪು ಪಟ್ಟಿ, ಒದ್ದೆ ಕಾಂಕ್ರೀಟು. ಮೇಲೆ ಸೂರಿನಂಚಿನಿಂದ ಮೊಳದುದ್ದದ ಮಂಜಿನ ಕೋಲುಗಳು. ಪಕ್ಕದ ಮನೆಯ ಅಜ್ಜ ಸಲಿಕೆ ಊರಿ ನಿಂತು ಎರಡನ್ನೂ ನೋಡಿದರು. ಮನೆಮನೆಗೆ ಫರ್ನೇಸ್, ಅಂದರೆ ಮನೆ ಬಿಸಿ ಮಾಡುವ ಯಂತ್ರ, ಕೂರಿಸಿ ನಿವೃತ್ತರಾದವರು. "ರಸ್ತೆಗೆ ಚಳಿಯಾಗಬಾರದು ಅಂತ ನಿಮಗೆಷ್ಟು ಕಾಳಜಿ! ಬಿಲ್ಲು ಮಾತ್ರ ನಿಮ್ಮ ಹೆಸರಿಗೇ ಬರುತ್ತೆ" ಅಂದರು. ನಗು ಬಂತು, ಆಮೇಲೆ ಚುರುಕ್ ಅಂತು.

"ಕಾರು ನಿಲ್ಲಿಸೋ ಜಾಗಕ್ಕೂ ಹೀಟರಾ?" ಎಂದು ಊರಲ್ಲಿ ಕೇಳುತ್ತಾರೆ. ಇಲ್ಲಿ ಬಡಗಿಯ ಮೇಜು, ಗರಗಸ, ಉಳಿ, ಅಂಟು, ಬಣ್ಣ ಎಲ್ಲ ಇರುವುದು ಅಲ್ಲೇ. ನವೆಂಬರಿನಿಂದ ಮಾರ್ಚ್‌ವರೆಗೆ ಅದು ಫ್ರಿಜ್. ಬಂದ ಹೊಸದರಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಅಂಗಡಿಗೆ ಹೋಗಿ 1500 ವಾಟಿನ ಪುಟ್ಟ ಹೀಟರ್ ತರುವುದು. ಅಜ್ಜ ಹೇಳಿದ್ದು ಅದರ ಲೆಕ್ಕವನ್ನೇ.

ಎರಡು ಕಾರಿನ ಗ್ಯಾರೇಜು ಎಂದರೆ 24 ಅಡಿ ಉದ್ದ, 24 ಅಡಿ ಅಗಲ, 8 ಅಡಿ ಎತ್ತರ ಎನ್ನಿ. ಹೊರಗೆ 0 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್. ಒಳಗೆ 50, ಅಂದರೆ 10 ಸೆಲ್ಸಿಯಸ್ ಸಾಕು; ಮೈಮೇಲೆ ಸ್ವೆಟರ್ ಇದ್ದೇ ಇರುತ್ತದೆ. ಎಷ್ಟು ಶಾಖ ಸೋರುತ್ತದೆ ಎಂಬುದಕ್ಕೆ ಸುಲಭ ಸೂತ್ರವಿದೆ: ಚದರಡಿಯನ್ನು ತಾಪದ ವ್ಯತ್ಯಾಸದಿಂದ ಗುಣಿಸಿ, ಆರ್-ಮೌಲ್ಯದಿಂದ ಭಾಗಿಸಿ. ಆರ್ ಎಂದರೆ ಗೋಡೆಯೋ ಬಾಗಿಲೋ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. 16ಕ್ಕೆ 7 ಅಡಿಯ ಬರೀ ತಗಡಿನ ಬಾಗಿಲಿಗೆ ಆರ್ ಹೆಚ್ಚೆಂದರೆ 1. 112 ಚದರಡಿ ಗುಣಿಸು 50: ಗಂಟೆಗೆ 5600 ಬಿಟಿಯು (ಶಾಖವನ್ನು ಅಳೆಯುವ ಮಾನ). 1500 ವಾಟಿನ ಹೀಟರ್ ಕೊಡುವುದು 5100. ಹೀಟರ್ ಕೊಟ್ಟದ್ದನ್ನೆಲ್ಲ ಬಾಗಿಲೊಂದೇ ನುಂಗಿ, ಇನ್ನೂ ಬೇಕು ಅನ್ನುತ್ತದೆ.

ಬಾಗಿಲಿಗಿಂತ ದೊಡ್ಡ ಕಳ್ಳ ತಲೆಯ ಮೇಲಿದೆ. ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ, ಮಾತ್ರ ಹೊಡೆದ ಸೀಲಿಂಗಿಗೆ ಆರ್ ಸುಮಾರು 2. 576 ಚದರಡಿಯಿಂದ ಗಂಟೆಗೆ 14,400 ಬಿಟಿಯು ಅಟ್ಟಕ್ಕೆ ಹೋಗುತ್ತದೆ. ಅದು ಛಾವಣಿಯ ಹಿಮ ಕರಗಿಸುತ್ತದೆ, ಕರಗಿದ ನೀರು ತಣ್ಣನೆಯ ಸೂರಿನಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಅಜ್ಜ ಓದಿದ್ದು ಆ ಕೋಲುಗಳನ್ನೇ. ಅಟ್ಟದಲ್ಲಿ ಎಂಟೂವರೆ ಇಂಚು ಸೆಲ್ಯುಲೋಸ್ (ಕಾಗದದ ಚೂರು) ಊದಿಸಿದರೆ ಆರ್ 30. ಸೋರಿಕೆ 960ಕ್ಕೆ ಇಳಿಯುತ್ತದೆ. ಸೂರಿನ ಗಾಳಿಕಂಡಿ ಮುಚ್ಚಿಹೋಗದಂತೆ ಮೊದಲು ತಡೆಹಲಗೆ ಕೂರಿಸಬೇಕು, ಇಲ್ಲವಾದರೆ ಅಟ್ಟದಲ್ಲಿ ತೇವ ನಿಂತು ಮರ ಕೊಳೆಯುತ್ತದೆ. ಗೋಡೆಯ ಚೌಕಟ್ಟುಗಳ ನಡುವೆ ಆರ್ 13 ಫೈಬರ್‌ಗ್ಲಾಸ್, ಅದರ ಒಳಮೈಗೆ, ಅಂದರೆ ಬೆಚ್ಚಗಿರುವ ಕಡೆಗೆ, ಪ್ಲಾಸ್ಟಿಕ್ ಹಾಳೆ, ಮೇಲೆ ಡ್ರೈವಾಲ್.

ಬಾಗಿಲ ಕೆಲಸ ಅಗ್ಗ, ಆದರೆ ಅಲ್ಲಿಯೇ ಜನ ಎಡವುವುದು. ಒಂದೂವರೆ ಇಂಚಿನ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ತುಂಡುಗಳನ್ನು ಪ್ರತಿ ಅಂಕಣಕ್ಕೂ ಕೂರಿಸಿದರೆ ಆರ್ 7ರ ಹತ್ತಿರ ಬರುತ್ತದೆ. ಬರಿ ಫೋಮ್ ಬೇಗ ಹೊತ್ತಿಕೊಳ್ಳುವುದರಿಂದ ಬಾಗಿಲಿಗೆಂದೇ ಬರುವ, ಮೇಲ್ಹೊದಿಕೆಯಿರುವ ಕಿಟ್ ತರುವುದು ವಾಸಿ. ಬಾಗಿಲ ತೂಕ ಏಳೆಂಟು ಕಿಲೋ ಏರುತ್ತದೆ. ಮೋಟರಿನ ಕೊಂಡಿ ಬಿಡಿಸಿ, ಬಾಗಿಲನ್ನು ಕೈಯಲ್ಲಿ ಅರ್ಧಕ್ಕೆ ಎತ್ತಿ ನೋಡಿ. ನಿಂತಲ್ಲೇ ನಿಂತರೆ ಸರಿ. ಜಾರಿದರೆ ಸ್ಪ್ರಿಂಗ್ ಬಿಗಿಯಬೇಕು. ಮೇಲಿನ ಆ ಸುರುಳಿ ಸ್ಪ್ರಿಂಗನ್ನು ಮಾತ್ರ ಸ್ವಂತ ಮುಟ್ಟಬೇಡಿ, ಬಿಚ್ಚುವಾಗ ಕೈ ಮುರಿಯುವಷ್ಟು ಸೆಡೆತ ಅದರಲ್ಲಿರುತ್ತದೆ. ಕೊನೆಗೆ ಬುಡದ ರಬ್ಬರ್ ಪಟ್ಟಿ. ಹಗಲು ಒಳಗೆ ನಿಂತು ದೀಪ ಆರಿಸಿದರೆ ಬೆಳಕು ಎಲ್ಲಿ ನುಸುಳುತ್ತದೋ ಅಲ್ಲೇ ಶಾಖವೂ ನುಸುಳುತ್ತದೆ. ಒಳಗಿನ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾದರೆ 4000 ಬಿಟಿಯು ಹೋಯಿತು. ಆ ಕಪ್ಪು ಪಟ್ಟಿ ಅದರದ್ದೇ ಗುರುತು.

ಇಷ್ಟಾದರೆ ಒಂದು ಗೋಡೆ ಮನೆಗೆ ಅಂಟಿದ ಗ್ಯಾರೇಜಿಗೆ, ನೆಲದಂಚಿನ ಸೋರಿಕೆಯೂ ಸೇರಿ, ಗಂಟೆಗೆ 8000ದಿಂದ 9000 ಬಿಟಿಯು ಸಾಕು. ಏನೂ ಮಾಡದಿದ್ದರೆ ಅದೇ ಜಾಗಕ್ಕೆ 38,000 ಮುಟ್ಟುತ್ತದೆ. ಹೀಟರಿನ ಮಾತು ಈಗ ಆಡಬಹುದು. 240 ವೋಲ್ಟಿನ 5000 ವಾಟ್ ಹೀಟರ್ 17,000 ಬಿಟಿಯು ಕೊಡುತ್ತದೆ. ಅದಕ್ಕೆ 30 ಆಂಪಿಯರ್ ಬ್ರೇಕರ್, 10 ಗೇಜಿನ ತಾಮ್ರದ ವೈರು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಯೂನಿಟ್ಟಿಗೆ 15 ಸೆಂಟ್ ಎಂದು ಹಿಡಿದರೆ ಗಂಟೆಗೆ 75 ಸೆಂಟ್, ಅದೂ ಬಿಡದೆ ಉರಿದರೆ. ವಾರಕ್ಕೆರಡು ದಿನ ಕೆಲಸ ಮಾಡುವವರಿಗೆ ಇದಕ್ಕಿಂತ ಜಾಸ್ತಿ ಬೇಡ. ದಿನವೂ ಮಾಡುವವರಿಗೆ ಕಡುಚಳಿಗೆಂದೇ ಬರುವ ಮಿನಿಸ್ಪ್ಲಿಟ್, ಅಂದರೆ ಬಿಸಿಯನ್ನೂ ಕೊಡುವ ಎಸಿ, ಲಾಭ, ಆದರೆ ಮರದ ಹೊಟ್ಟು ಅದರ ಫಿಲ್ಟರನ್ನು ಕಟ್ಟಿಬಿಡುತ್ತದೆ. ಹಳೆಯ 1500 ವಾಟಿನದ್ದನ್ನು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸುವ ಅಭ್ಯಾಸ ಮಾತ್ರ ಬಿಡಬೇಕು. ಹನ್ನೆರಡೂವರೆ ಆಂಪಿಯರ್ ಗಂಟೆಗಟ್ಟಲೆ ಹರಿದರೆ ಪ್ಲಗ್ ಕರಗಬಹುದು.

ಅಗ್ಗ ಎಂದು ಪ್ರೊಪೇನ್ ಸಿಲಿಂಡರಿನ ತೆರೆದ ಬರ್ನರ್ ತರುವವರಿದ್ದಾರೆ. ಕಾರ್ಬನ್ ಮಾನಾಕ್ಸೈಡಿನ ಅಪಾಯ ಎಲ್ಲರಿಗೂ ಗೊತ್ತು, ನೀರಿನದ್ದು ಗೊತ್ತಿಲ್ಲ. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋ ನೀರಾವಿ ಹುಟ್ಟುತ್ತದೆ. 9 ಕಿಲೋ ಸಿಲಿಂಡರ್ ಮುಗಿಯುವ ಹೊತ್ತಿಗೆ ಒಂದು ಕೊಡ ನೀರು ಗಾಳಿಗೆ ಸೇರಿರುತ್ತದೆ. ಅದು ಹೋಗಿ ಕೂರುವುದು ಅತ್ಯಂತ ತಣ್ಣಗಿರುವ ವಸ್ತುವಿನ ಮೇಲೆ, ಅಂದರೆ ಗರಗಸದ ಬೀಡುಕಬ್ಬಿಣದ ಮೇಜಿನ ಮೇಲೆ. ರಾತ್ರಿ ಕನ್ನಡಿಯಂತಿದ್ದ ಮೇಜಿಗೆ ಬೆಳಿಗ್ಗೆ ಕಿತ್ತಳೆ ಚುಕ್ಕಿ. ಮೇಣ ಸವರಿ ಇಟ್ಟರೆ ಸ್ವಲ್ಪ ತಡೆದೀತು. ಕಾರು, ಪೆಟ್ರೋಲ್ ಡಬ್ಬಿ ಇರುವ ಕಡೆ ಸೌದೆ ಒಲೆಯಂತೂ ಬೇಡವೇ ಬೇಡ: ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದಾಡುತ್ತದೆ. ಕಿಡಿ ಏಳುವ ಉಪಕರಣ ನೆಲದಿಂದ 18 ಇಂಚು ಮೇಲಿರಬೇಕು ಎಂಬ ಇಲ್ಲಿನ ನಿಯಮ ಅದಕ್ಕೇ.

ಸೌದೆ ಒಲೆ ಎಂದಾಗ ಮಲೆನಾಡಿನ ಬಚ್ಚಲೊಲೆ ನೆನಪಾಗದೆ ಇರುತ್ತದೆಯೇ. ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಎದೆ ಬಿಸಿ, ಬೆನ್ನು ತಣ್ಣಗೆ. ಆ ಕೋಣೆಯ ಗಾಳಿಯನ್ನು ಯಾರೂ ಕಾಯಿಸುತ್ತಿರಲಿಲ್ಲ, ಮೈಯನ್ನು ಕಾಯಿಸುತ್ತಿದ್ದರು. ಇಲ್ಲಿ ಇನ್‌ಫ್ರಾರೆಡ್ ಹೀಟರ್ ಎಂದು ಮಾರುವುದೂ ಅದೇ ಉಪಾಯ. ಮೇಜಿನ ಮೇಲೆ ನೇತುಹಾಕಿದರೆ ನಿಂತ ಜಾಗವಷ್ಟೇ ಬೆಚ್ಚಗಾಗುತ್ತದೆ, ಅರ್ಧ ಗಂಟೆಯ ಕೆಲಸಕ್ಕೆ ಬೇಕಾದಷ್ಟಾಯಿತು. ಆದರೆ ಇದೇ ಆರ್ ಲೆಕ್ಕವನ್ನು ತಿರುವಿ ಹಾಕಿ ನಮ್ಮ ಪೀಣ್ಯದ ಶೀಟಿನ ಶೆಡ್ಡುಗಳಿಗೂ ಕಲಬುರಗಿಯ ವೆಲ್ಡಿಂಗ್ ಅಂಗಡಿಗಳಿಗೂ ಹಚ್ಚಬಹುದು. ಏಪ್ರಿಲಿನಲ್ಲಿ ತಲೆಯ ಮೇಲೆ ಕಾದ ತಗಡು, ಕೆಳಗೆ ಬೆವರುವ ಹುಡುಗರು, ಮೂಲೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನು. ಶೀಟಿನಡಿ ಎರಡಿಂಚು ಥರ್ಮಾಕೋಲ್ ಹಾಕಿಸಿ, ಕೆಳಗೆ ಜಿಪ್ಸಮ್ ಹಲಗೆ ಹೊಡೆಸುವ ಖರ್ಚು ಮಾಲೀಕರಿಗೆ ದುಬಾರಿ ಅನ್ನಿಸುತ್ತದೆ. ಸುಡುವ ತಲೆ ಅವರದ್ದಲ್ಲವಲ್ಲ.

ಇನ್ನು ಅಂಟು. ಮರದ ಬಿಳಿ ಅಂಟು ಸುಮಾರು 10 ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಸುಣ್ಣದ ಪುಡಿಯಂತಾಗಿ ಜೋಡಣೆ ಬಿಟ್ಟುಕೊಳ್ಳುತ್ತದೆ. ಗಾಳಿ ಬೆಚ್ಚಗಾದರೆ ಸಾಲದು, ಮರವೂ ಬೆಚ್ಚಗಾಗಬೇಕು, ಅದಕ್ಕೆ ಗಂಟೆಗಳೇ ಬೇಕು. ಹಾಗಾಗಿ ಹಲಗೆಗಳು ಹಿಂದಿನ ರಾತ್ರಿಯೇ ಮನೆಯೊಳಗೆ ಬರುತ್ತವೆ, ಅಂಟಿನ ಬಾಟಲಿ ಅಡುಗೆಮನೆ ಕಟ್ಟೆಗೆ. ಪಕ್ಕದಲ್ಲೇ ಓವನ್‌, ಅದರ ದೀಪ ಹಚ್ಚಿಟ್ಟು ಒಳಗೆ ದೋಸೆ ಹಿಟ್ಟು.