ಬೆಳಗಿನ ಶೋಗೆ ಹಾಡು ಹೇಗೆ ಆರಿಸ್ತೀರಿ?

ರೇಡಿಯೊದಲ್ಲಿ ಬೆಳಗಿನ ಶೋ ಮಾಡುತ್ತೇನೆ, ಹಳೆಯ ಜಾಝ್ ಮತ್ತು ಪಾಪ್ ಸ್ಟ್ಯಾಂಡರ್ಡ್‌ಗಳನ್ನು ಹಾಕುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. "ಅಷ್ಟೊಂದು ಹಾಡುಗಳಿವೆಯಲ್ಲ, ಇವತ್ತು ಯಾವುದು ಅಂತ ಹೇಗೆ ಆರಿಸ್ತೀರಿ? ನಿಮಗೆ ಇಷ್ಟವಾದದ್ದನ್ನು ಹಾಕಿಬಿಡ್ತೀರಾ?"

ಇಷ್ಟವಂತೂ ಇರಲೇಬೇಕು. ನನ್ನ ಮನಸ್ಸಿಗೆ ಒಗ್ಗದ ಹಾಡನ್ನು ಬೇರೆಯವರ ಬೆಳಗಿಗೆ ಕಳಿಸಲಾರೆ. ಆದರೆ ಹಾಡು ಯಾವುದು ಅನ್ನುವುದಕ್ಕಿಂತ, ಯಾರು ಅದನ್ನು ಹೇಗೆ ಹಾಡಿದ್ದಾರೆ ಅನ್ನುವುದನ್ನು ನಾನು ಜಾಸ್ತಿ ನೋಡುತ್ತೇನೆ. ನನ್ನ ಸಮಯವೆಲ್ಲ ಹೋಗುವುದು ಅಲ್ಲೇ.

ಸ್ಟ್ಯಾಂಡರ್ಡ್ ಅಂದರೆ ಒಬ್ಬರು ಬರೆದು, ಆಮೇಲೆ ನೂರಾರು ಜನ ತಮ್ಮ ತಮ್ಮ ರೀತಿಯಲ್ಲಿ ಹಾಡುತ್ತ, ನುಡಿಸುತ್ತ ಬಂದ ಹಾಡು. 'ಫ್ಲೈ ಮಿ ಟು ದ ಮೂನ್' ನೋಡಿ. ಬಾರ್ಟ್ ಹೊವರ್ಡ್ ಅದನ್ನು ಬರೆದದ್ದು 1954ರಲ್ಲಿ, ಮೂರು ಎಣಿಕೆಯ ವಾಲ್ಟ್ಸ್ ಆಗಿ. ಹತ್ತು ವರ್ಷದ ನಂತರ, 1964ರಲ್ಲಿ, ಫ್ರಾಂಕ್ ಸಿನಾತ್ರಾ ಅದನ್ನೇ ಕೌಂಟ್ ಬೇಸಿಯ ಬ್ಯಾಂಡ್ ಜೊತೆ ಹಾಡಿದರು. ವಾದ್ಯಗಳ ಜೋಡಣೆ ಮಾಡಿದ ಕ್ವಿನ್ಸಿ ಜೋನ್ಸ್ ಅದನ್ನು ನಾಲ್ಕು ಎಣಿಕೆಗೆ ತಂದು, ನಡಿಗೆಯ ವೇಗ ಕೊಟ್ಟಿದ್ದರು. ಮಾತು ಅದೇ, ರಾಗವೂ ಅದೇ. ಆದರೆ ವಾಲ್ಟ್ಸ್ ಆಗಿ ಕೇಳಿದಾಗ ಕಿಟಕಿಯ ಪಕ್ಕ ಸುಮ್ನೆ ಕೂತಿರೋಣ ಅನ್ನಿಸುತ್ತದೆ. ಸಿನಾತ್ರಾ ಹಾಡಿದ್ದು ಕೇಳಿದರೆ ಚಪ್ಪಲಿ ಹುಡುಕುತ್ತೇವೆ. ಕೆಲಸಕ್ಕೆ ಹೊರಡುವ ಹೊತ್ತಿಗೆ ಯಾವುದು ಬೇಕು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಹೀಗೆ ಒಂದೊಂದು ಹಾಡಿಗೂ ನಾಲ್ಕೈದು ವರ್ಷನ್‌ಗಳನ್ನು ಕೇಳುತ್ತೇನೆ. ಎಲ್ಲಕ್ಕಿಂತ ಮೊದಲು ಗಮನಿಸುವುದು ಮೊದಲ ಹತ್ತು ಸೆಕೆಂಡು. ಬೆಳಿಗ್ಗೆ ಯಾರೂ ರೇಡಿಯೊ ಮುಂದೆ ಕೂತು ಕೇಳುವುದಿಲ್ಲ. ನಲ್ಲಿ ಸುರಿಯುತ್ತಿರುತ್ತದೆ, ಮಗುವಿನ ಒಂದು ಕಾಲುಚೀಲ ಸಿಗುತ್ತಿರುವುದಿಲ್ಲ, ಅರ್ಧ ಕಿವಿ ಮಾತ್ರ ನಮ್ಮ ಕಡೆ. ಆ ಅರ್ಧ ಕಿವಿಯ ಮೇಲೆ ಹತ್ತು ಕಹಳೆಗಳನ್ನು ಒಟ್ಟಿಗೆ ಊದಿದರೆ ಕೈ ನೇರ ವಾಲ್ಯೂಮ್‌ಗೆ ಹೋಗುತ್ತದೆ. ಹಾಗಂತ ತೀರಾ ಮೆಲ್ಲಗೆ ಶುರುವಾದರೆ ಹಾಡು ಬಂದದ್ದೇ ಗೊತ್ತಾಗುವುದಿಲ್ಲ. 1959ರ 'ಟೇಕ್ ಫೈವ್' ನನಗೆ ಇದಕ್ಕೇ ಪ್ರೀತಿ. ಡೇವ್ ಬ್ರೂಬೆಕ್ ಕ್ವಾರ್ಟೆಟ್ ಅನ್ನುವ ನಾಲ್ವರ ತಂಡದವರು ಅದರಲ್ಲಿ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಮೊದಲು ಬರೀ ಡ್ರಮ್ಸ್, ಆಮೇಲೆ ಪಿಯಾನೊ ಮತ್ತು ಬಾಸ್, ಕೊನೆಗೆ ಪಾಲ್ ಡೆಸ್ಮಂಡ್‌ರ ಸ್ಯಾಕ್ಸೊಫೋನ್. ಮನೆ ಎದ್ದೇಳುವುದೂ ಹಾಗೇ, ಒಬ್ಬೊಬ್ಬರಾಗಿ.

ವಾರದ ಮೊದಲ ದಿನಕ್ಕೆ ಮಾತ್ರ ನನ್ನ ಆಯ್ಕೆ ಯಾವತ್ತೂ ಒಂದೇ. ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ 1941ರಲ್ಲಿ ರೆಕಾರ್ಡ್ ಮಾಡಿದ 'ಟೇಕ್ ದಿ ಎ ಟ್ರೈನ್'. ಆ ಹಾಡು ಎಲ್ಲರ ಬಾಯಿಗೆ ಬಂದದ್ದರಲ್ಲಿ ರೇಡಿಯೊದ ಪಾಲೂ ಇದೆ. ಆ ವರ್ಷದ ಶುರುವಿನಲ್ಲಿ ಅಮೆರಿಕದ ರೇಡಿಯೊ ಕಂಪನಿಗಳಿಗೂ ಹಾಡು ಬರೆಯುವವರ ಸಂಘ ಆಸ್ಕ್ಯಾಪ್‌ಗೂ ಗೌರವಧನದ ವಿಷಯದಲ್ಲಿ ಜಗಳವಾಯಿತು. ಸಂಘದ ಸದಸ್ಯರ ಹಾಡುಗಳು ರೇಡಿಯೊದಿಂದ ಮಾಯವಾದವು. ಎಲಿಂಗ್ಟನ್ ಸದಸ್ಯರಾಗಿದ್ದರು. ತಮ್ಮದೇ ಹಾಡುಗಳನ್ನು ತಾವೇ ಪ್ರಸಾರದಲ್ಲಿ ನುಡಿಸುವಂತಿಲ್ಲ! ಜೊತೆಗಿದ್ದ ಬಿಲ್ಲಿ ಸ್ಟ್ರೇಹಾರ್ನ್ ಸದಸ್ಯರಾಗಿರಲಿಲ್ಲ. ಅವರು ಬರೆದ ಈ ಹಾಡೇ ಬ್ಯಾಂಡಿನ ಹೊಸ ಗುರುತಿನ ಹಾಡಾಯಿತು. ಶುರುವಿನ ಆ ಪುಟ್ಟ ಪಿಯಾನೊ ತುಣುಕು ಕೇಳಿದಾಗ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ಇನ್ನು ಸಮಯ. ಗಂಟೆ ಹೊಡೆದರೆ ನ್ಯೂಸ್, ಅದನ್ನು ನಾವು ಕಾಯಿಸುವಂತಿಲ್ಲ. ಈ ವಿಷಯದಲ್ಲಿ ಹಳೆಯ ರೆಕಾರ್ಡಿಂಗ್‌ಗಳು ದೊಡ್ಡ ಉಪಕಾರ ಮಾಡುತ್ತವೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯಲ್ಲಿ ಒಂದು ಕಡೆಗೆ ಹಿಡಿಯುತ್ತಿದ್ದದ್ದೇ ಸುಮಾರು ಮೂರು ನಿಮಿಷ. 1948ರಲ್ಲಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಿಡಿಯುವ ತಟ್ಟೆ, ಬಂದ ಮೇಲೆ ಹಾಡುಗಳು ಕೈಕಾಲು ಚಾಚಿದವು. ಜಾನ್ ಕೋಲ್ಟ್ರೇನ್ ನುಡಿಸಿದ 'ಮೈ ಫೇವರಿಟ್ ಥಿಂಗ್ಸ್' 13 ನಿಮಿಷ ದಾಟುತ್ತದೆ. ಅದನ್ನು ರಜೆಯ ದಿನಕ್ಕೆ ಎತ್ತಿಡುತ್ತೇನೆ, ಮಧ್ಯದಲ್ಲಿ ಕತ್ತರಿಸುವುದಕ್ಕೆ ನನ್ನ ಕೈ ಬರುವುದಿಲ್ಲ. 'ದಿ ಗರ್ಲ್ ಫ್ರಮ್ ಇಪನೇಮಾ'ವನ್ನು ರೆಕಾರ್ಡ್ ಕಂಪನಿಯೇ ಕತ್ತರಿಸಿತ್ತು. 1964ರ ಆಲ್ಬಮ್‌ನಲ್ಲಿ ಅದು ಐದು ನಿಮಿಷಕ್ಕಿಂತ ಜಾಸ್ತಿ. ಮೊದಲು ಜುವಾವ್ ಜಿಲ್ಬರ್ಟೊ ಪೋರ್ಚುಗೀಸ್‌ನಲ್ಲಿ ಹಾಡುತ್ತಾರೆ, ಆಮೇಲೆ ಆಸ್ಟ್ರುಡ್ ಜಿಲ್ಬರ್ಟೊ ಇಂಗ್ಲಿಷ್‌ನಲ್ಲಿ. ಬಿಡಿ ಹಾಡಾಗಿ ಮಾರುವ ಸಿಂಗಲ್‌ಗೆ ಅಂತ ಜುವಾವ್ ಹಾಡಿದ ಭಾಗವನ್ನೇ ತೆಗೆದರು. ರೇಡಿಯೊಗೆ ಅನುಕೂಲ ಆ ಚಿಕ್ಕದೇ. ಆದರೂ ನಾನು ಉದ್ದದ್ದನ್ನೇ ಹಾಕುತ್ತೇನೆ, ಅದಕ್ಕಾಗಿ ನನ್ನ ಮಾತನ್ನು ಕಡಿಮೆ ಮಾಡುತ್ತೇನೆ. ಮಲಗಿರುವವರನ್ನು ಎಬ್ಬಿಸಬಾರದು ಅನ್ನುವಂತೆ ಹಾಡುವ ಜುವಾವ್‌ರ ಆ ದನಿಗಿಂತ ಬೆಳಗಿಗೆ ಹತ್ತಿರದ್ದು ಇನ್ನೇನಿದೆ?

ಪದಗಳ ವಿಷಯದಲ್ಲಿ ನಾನು ಒಮ್ಮೆ ಎಡವಿದ್ದೇನೆ. ಹೊಸದರಲ್ಲಿ, ಹೆಸರಲ್ಲಿ 'ಗುಡ್ ಮಾರ್ನಿಂಗ್' ಇದೆ ಅಂತ ಬಿಲ್ಲಿ ಹಾಲಿಡೇ 1946ರಲ್ಲಿ ಹಾಡಿದ 'ಗುಡ್ ಮಾರ್ನಿಂಗ್ ಹಾರ್ಟ್‌ಏಕ್' ಅನ್ನು ಆರೂವರೆಗೆ ಹಾಕಿದೆ. ಬೆಳಿಗ್ಗೆ ಎದ್ದರೆ ಪಕ್ಕದಲ್ಲಿ ನೋವೇ ಬಂದು ಕೂತಿದೆ, ಅದಕ್ಕೇ ನಮಸ್ಕಾರ ಹೇಳುವ ಹಾಡು ಅದು. ಒಬ್ಬ ಕೇಳುಗರು ಫೋನ್ ಮಾಡಿದರು. ಮನೆಯಲ್ಲಿ ಸಾವಾಗಿ ಕೆಲವೇ ದಿನ ಆಗಿತ್ತಂತೆ. ಬೈಯಲಿಲ್ಲ. "ತುಂಬಾ ಚೆನ್ನಾಗಿದೆ, ಆದರೆ ಇಷ್ಟು ಬೇಗ ಬೇಡ" ಅಂದರು. ಆವತ್ತಿನಿಂದ ಪೂರ್ತಿ ಹಾಡನ್ನು ಕೇಳದೆ ಪಟ್ಟಿಗೆ ಸೇರಿಸಿಲ್ಲ.

ದುಃಖದ ಹಾಡೇ ಬೇಡ ಅಂತಲ್ಲ. ಅದಕ್ಕೆ ಹೊತ್ತು ಬೇಕು. 1965ರ 'ಯೆಸ್ಟರ್‌ಡೇ'ಯ ರಾಗ ಪಾಲ್ ಮೆಕಾರ್ಟ್ನಿಗೆ ಬಂದದ್ದು ನಿದ್ದೆಯಲ್ಲಿ. ಎದ್ದವರೇ ಪಿಯಾನೊ ಮೇಲೆ ಹಿಡಿದುಕೊಂಡರಂತೆ. ಹಾಗೆ ನೋಡಿದರೆ ಎಚ್ಚರದ ಜೊತೆಗೇ ಬಂದ ಹಾಡು ಅದು, ಆದರೆ ಮಾತು ಪೂರ್ತಿ ಕಳೆದುಕೊಂಡದ್ದರ ಬಗ್ಗೆ. ಅದಕ್ಕೇ ಏಳರ ಒಳಗೆ ಬರೀ ವಾದ್ಯದಲ್ಲಿ ನುಡಿಸಿದ್ದನ್ನು ಹಾಕುತ್ತೇನೆ. ಹಾಡಿದ್ದು ಬೇಕಾದರೆ ಒಂಬತ್ತರ ಮೇಲೆ, ಮನೆಗಳು ಸ್ವಲ್ಪ ಖಾಲಿಯಾಗಿ, ಉಳಿದವರಿಗೆ ಕೂರಲು ಪುರುಸೊತ್ತು ಸಿಕ್ಕಾಗ.

ಎಲ್ಲ ಆರಿಸಿದ ಮೇಲೆ ಒಂದರ ಕೊನೆಯನ್ನೂ ಮುಂದಿನದರ ಶುರುವನ್ನೂ ಬೆನ್ನಿಗೆ ಬೆನ್ನು ಕೇಳುತ್ತೇನೆ. ಜೋಡಿ ಒರಟಾಗಿ ತಾಕಿದರೆ ಎಷ್ಟೇ ಒಳ್ಳೆಯ ಹಾಡಾದರೂ ಆವತ್ತಿಗೆ ಹೊರಗೆ.

ಒಂದು ಕೋರಿಕೆ. ನನಗೆ ಹಾಡು ಕೇಳಿ ಬರೆಯುವಾಗ ಹೆಸರಿನ ಜೊತೆ ಯಾರು ಹಾಡಿದ್ದು ಅಂತಲೂ ಹೇಳಿ. ನೆನಪಿಲ್ಲದಿದ್ದರೆ ಹೇಗೆ ಶುರುವಾಗುತ್ತದೆ ಅಂತ ಬರೆಯಿರಿ, ಪಿಯಾನೊನೋ, ಡ್ರಮ್ಸೋ, ಬರೀ ದನಿಯೋ. ಅಷ್ಟು ಸಾಕು, ಹುಡುಕಿಕೊಳ್ಳುತ್ತೇನೆ.