ಸಾಲಾರ್ ಜಂಗ್ ಮ್ಯೂಸಿಯಂ ಚಿತ್ರಪುಸ್ತಕ: ಕೆಲಸ ಎಲ್ಲಿಗೆ ಬಂತು

ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ವಸ್ತುಗಳ ಬಗ್ಗೆ ಕನ್ನಡದಲ್ಲಿ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ಕೊಪ್ಪಳದ ನಮ್ಮ ಓಣಿಯ ಮಕ್ಕಳಿಗೆ ಅಂತ ಶುರು ಮಾಡಿದ್ದು. ಒಂದು ವಸ್ತುವಿಗೆ ಎರಡು ಪುಟ. ಎಡಕ್ಕೆ ಪೆನ್ಸಿಲ್ ಚಿತ್ರ, ಬಲಕ್ಕೆ ಕಥೆ. ಅದನ್ನು ಮಾಡಿದವರು ಯಾರು, ಹೇಗೆ ಮಾಡಿದರು, ಅಲ್ಲಿಗೆ ಹೇಗೆ ಬಂತು, ಇಷ್ಟು ಇರಲೇಬೇಕು. ಗಡಿಯಾರ, ಮುಸುಕಿನ ರೆಬೆಕಾ, ಜೋಡಿ ವಿಗ್ರಹ, ಬಿದ್ರಿ ಹುಕ್ಕಾ, ಇವಿಷ್ಟು ಮುಗಿದಿವೆ.

ಕೊಪ್ಪಳದಲ್ಲಿ ಕೂತು ಹೈದರಾಬಾದಿನ ಮ್ಯೂಸಿಯಂ ಯಾಕೆ ಅಂತ ಸುಮಾರು ಜನ ಕೇಳಿದರು. ಪಕ್ಕದ ಮನೆಯ ಅಜ್ಜ ಮಾತ್ರ ಕೇಳಲಿಲ್ಲ. "ಇದು ಸಾಲಾರಜಂಗನ ಜಹಗೀರಲ್ಲೇನವ್ವಾ" ಅಂದರು, ಅಷ್ಟೇ. ಹೌದು, ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಎರಡೂ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿನ ಹೊಲದ ತೀರುವೆ ಆ ಮನೆತನಕ್ಕೆ ಹೋಗುತ್ತಿತ್ತು. ಮನೆತನದ ಮೂರು ತಲೆಮಾರು ಸೇರಿಸಿದ ವಸ್ತುಗಳೇ ಇವತ್ತಿನ ಮ್ಯೂಸಿಯಂ. ಅಂದಮೇಲೆ ಆ ಗಾಜಿನ ಕಪಾಟುಗಳಲ್ಲಿ ನಮ್ಮ ಎರೆಹೊಲದ ಜೋಳ, ಹತ್ತಿಯ ದುಡ್ಡೂ ಇದೆ. ಇದನ್ನು ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ನಮ್ಮ ಮಕ್ಕಳು ಅಲ್ಲಿಗೆ ಹೋದಾಗ ಬೇರೆ ಯಾರದೋ ಮನೆ ನೋಡುವವರ ಹಾಗೆ ನಿಲ್ಲಬಾರದು, ಅದಕ್ಕೆ ಈ ಪುಸ್ತಕ.

ಗಡಿಯಾರದ ಪುಟ ಬೇಗ ಮುಗಿಯಿತು. ಅದರೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಪೆಟ್ಟು ಹಾಕುತ್ತಲೇ ಇರುತ್ತಾನೆ. ಗಂಟೆ ಆಯಿತೆಂದರೆ ಗಡ್ಡದ ಗೊಂಬೆಯೊಂದು ಬಾಗಿಲಿನಿಂದ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಕುಕ್ ಅಂಡ್ ಕೆಲ್ವಿ ಕಂಪನಿಯದು. ಹನ್ನೆರಡು ಗಂಟೆಗೆ ಜಾಸ್ತಿ ಪೆಟ್ಟು ಅಂತ ಆ ಹೊತ್ತಿಗೆ ಅದರ ಮುಂದೆ ಜನ ತುಂಬಿರುತ್ತಾರೆ.

ರೆಬೆಕಾಳನ್ನು ಬಿಡಿಸುವುದು ಕಷ್ಟವಾಯಿತು. ಇಟಲಿಯ ಬೆಂಜೋನಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಕಡೆದದ್ದು. ಗಂಡನಾಗುವವನನ್ನು ಮೊದಲ ಸಲ ಕಂಡಾಗ ಮುಖಕ್ಕೆ ಮುಸುಕು ಎಳೆದುಕೊಂಡ ಬೈಬಲ್ಲಿನ ಹೆಣ್ಣುಮಗಳು. ಮುಸುಕೂ ಕಲ್ಲು, ಮುಖವೂ ಕಲ್ಲು, ಆದರೂ ಮುಸುಕಿನ ಒಳಗಿಂದ ಮುಖ ಕಾಣುತ್ತದೆ. 1876ರಲ್ಲಿ ಯುರೋಪಿಗೆ ಹೋಗಿದ್ದ ಮೊದಲನೇ ಸಾಲಾರ್ ಜಂಗ್ ಇದನ್ನು ಕೊಂಡು ತಂದರು. ಅವರು ಹೈದರಾಬಾದಿನ ದಿವಾನರಾದದ್ದು 1853ರಲ್ಲಿ. ಅದೇ ವರ್ಷ ನಿಜಾಮರು ಕೃಷ್ಣಾ, ತುಂಗಭದ್ರೆಗಳ ನಡುವಿನ ಸೀಮೆಯಾದ ರಾಯಚೂರು ದೋಆಬನ್ನು ಇಂಗ್ಲಿಷರ ಕೈಗೆ ಒಪ್ಪಿಸಬೇಕಾಯಿತು. ಅದು ವಾಪಸ್ ಬಂದದ್ದು 1860ರಲ್ಲಿ. ನಡುವೆ 1858ರಲ್ಲಿ ಇಂಗ್ಲಿಷರ ವಿರುದ್ಧ ದಂಗೆ ಎದ್ದ ಮುಂಡರಗಿ ಭೀಮರಾಯರು ನಮ್ಮ ಕೊಪ್ಪಳದ ಕೋಟೆ ಹಿಡಿದು, ಇಲ್ಲೇ ಹೋರಾಡಿ ಪ್ರಾಣ ಬಿಟ್ಟರು. ಆಗ ದಿವಾನರು ಇಂಗ್ಲಿಷರ ಕಡೆಗಿದ್ದರು. ರೆಬೆಕಾಳ ಪುಟದಲ್ಲಿ ಕೋಟೆಯ ಮಾತು ಬೇಡ ಅಂದ ಗೆಳತಿಯೂ ಇದ್ದಾಳೆ. ನಾನು ಬಿಟ್ಟಿಲ್ಲ. ಆ ಮೂರ್ತಿಯನ್ನು ತಂದ ಕೈ ಯಾರದು ಅಂತ ಮಕ್ಕಳಿಗೆ ಗೊತ್ತಾಗಬೇಕಲ್ವಾ?

ಈ ಸಲ ಜಾಸ್ತಿ ಹೊತ್ತು ಹೋದದ್ದು ಜೋಡಿ ವಿಗ್ರಹಕ್ಕೆ. ಒಂದೇ ಮರದ ದಿಮ್ಮಿ. ಮುಂದೆ ಎದೆ ಸೆಟೆಸಿ ನಿಂತ ಮೆಫಿಸ್ಟೋಫಿಲಿಸ್, ಹಿಂದೆ ತಲೆ ತಗ್ಗಿಸಿದ ಮಾರ್ಗರೆಟ್. ಜರ್ಮನ್ ನಾಟಕ "ಫೌಸ್ಟ್"ನಲ್ಲಿ ಅವನು ಸೈತಾನ, ಇವಳು ಮುಗ್ಧ ಹುಡುಗಿ. ಬೆನ್ನಿಗೆ ಕನ್ನಡಿ ಇಟ್ಟಿರುವುದರಿಂದ ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನದು. ಇದರ ಫೋಟೊ ಹಿಡಿದುಕೊಂಡು ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋದೆ. ಅಲ್ಲಿ ಗೊಂಬೆ ಮಾಡುವ ಚಿತ್ರಗಾರ ಕಾಕಾ ಒಬ್ಬರು ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಅವರ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ, ಎರಡು ಮೈ ಕೂಡುವ ಪಕ್ಕೆಯ ಮೇಲೆ ನಿಂತಿತು. "ಈ ಮಗ್ಗಲದಾಗ ಐತಿ ನೋಡವ್ವಾ ಕೆಲಸ. ಆಕಿ ಸೆರಗ ಎಲ್ಲಿ ಮುಗೀತದ, ಇವನ ಅಂಗಿ ಎಲ್ಲಿ ಶುರು ಆಗ್ತದ ಅಂತ ಮೊದಲ ಲೆಕ್ಕ ಹಾಕ್ಯಾನ" ಅಂದರು.

ಅವರ ಪದ್ಧತಿಯೇ ಬೇರೆ. ಕಿನ್ನಾಳದಲ್ಲಿ ಹಗುರ ಮರದ ತುಂಡುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆ ಅಂಟು ಕಲಸಿದರೆ ಕಿಟ್ಟ. ಅದನ್ನು ಕೈಯಿಂದ ಮೈಗೆಲ್ಲ ಮೆತ್ತಿ, ಮೇಲೆ ಅರಿವೆ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟಮೇಲೇ ಬಣ್ಣ. ಒಡವೆಗಳ ಉಬ್ಬು ಕೆಲಸವೂ ಕಲ್ಲುಪುಡಿಯದೇ. 2012ರಲ್ಲಿ ಈ ಗೊಂಬೆಗಳಿಗೆ ಜಿಐ, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಸರ್ಕಾರದ ಗುರುತು, ಸಿಕ್ಕಿತು. ಜೋಡಿ ವಿಗ್ರಹದ ಕಥೆಯ ಕೆಳಗೇ ಕಾಕಾ ಹೇಳಿದ್ದನ್ನೆಲ್ಲ ಬರೆದಿದ್ದೇನೆ. ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಪುಟ ಇದೇ.

ಬಿದ್ರಿ ಹುಕ್ಕಾ ಬುಡ ನಮ್ಮ ಕಡೆಯ ಕೆಲಸ, ಬೀದರಿನದು. ಸತುವಿಗೆ ಚೂರು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೈ ನಯ ಮಾಡಿ, ಗೀರು ಕಾಣಲಿ ಅಂತ ಮೈಲುತುತ್ತದ ನೀರು ಸವರುತ್ತಾರೆ. ಉಳಿಯಿಂದ ಹೂಬಳ್ಳಿ ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿನೀರು. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕರಿ ಮೋಡದ ಸಂದಿಯಲ್ಲಿ ಮಿಂಚು ನಿಂತ ಹಾಗೆ. ಈ ಹುಕ್ಕಾ ಬಡಿದವರ ಹೆಸರು ಎಲ್ಲೂ ಇಲ್ಲ. ಬೆಂಜೋನಿಯ ಹೆಸರಿದೆ, ಗಡಿಯಾರದ ಕಂಪನಿಯ ಹೆಸರಿದೆ, ಕೊಂಡವರ ಹೆಸರು ಕಟ್ಟಡದ ಮೇಲೇ ಇದೆ. ಹಾಗಾಗಿ "ಮಾಡಿದವರು" ಅನ್ನುವ ಸಾಲನ್ನು ಖಾಲಿ ಬಿಡದೆ "ಬೀದರಿನ ಕುಶಲಕರ್ಮಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಮುಂದಿನದು ಟಿಪ್ಪುವಿನ ದಂತದ ಕುರ್ಚಿಗಳು. ಆಮೇಲೆ ಮ್ಯೂಸಿಯಂ ಹುಟ್ಟಿದ ಕಥೆ. ಮೂರನೇ ಸಾಲಾರ್ ಜಂಗ್ 1949ರಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ. ಜಹಗೀರು ಪದ್ಧತಿ ರದ್ದಾದದ್ದೂ ಅದೇ ವರ್ಷ. 1951ರ ಡಿಸೆಂಬರಿನಲ್ಲಿ ಅವರ ಅರಮನೆ ದಿವಾನ್ ದೇವಡಿಯಲ್ಲೇ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಕೊನೆಯ ಚಿತ್ರ ಮಾತ್ರ ಮ್ಯೂಸಿಯಂನದಲ್ಲ. ಜಹಗೀರು ಕಾಲದ ಒಂದು ತೀರುವೆ ರಸೀದಿ ಬಿಡಿಸಬೇಕು ಅಂತ ಆಸೆ. ಕೊಪ್ಪಳ, ಯಲಬುರ್ಗಾ ಕಡೆಯವರ ಮನೆಯ ಟ್ರಂಕಿನಲ್ಲಿ ಉರ್ದುವಿನ ಹಳೆ ಕಾಗದ ಇದ್ದರೆ ದಯವಿಟ್ಟು ತಿಳಿಸಿ. ಕಾಗದ ಕೊಡುವುದು ಬೇಡ, ನಾನೇ ಬಂದು ನೋಡಿ ಚಿತ್ರ ಬಿಡಿಸಿಕೊಳ್ಳುತ್ತೇನೆ. ಓದಿ ಹೇಳುವುದಕ್ಕೆ ಉರ್ದು ಬಲ್ಲ ಚಾಚಾ ಒಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ.